ಮಂಜಿಯಲ್ಲಿ ಮೂರು ರಾತ್ರಿ, ಬಂದರಿನಲ್ಲಿ ಮೂರು ಹಗಲು

ಮಂಗಳೂರಿನ ಬಂದರನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ರಸ್ತೆಯ ಕಡೆಯಿಂದ. ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಳಿದು, ಅಕ್ಕಿ, ಬೆಲ್ಲ, ಒಣಮೆಣಸಿನ ಸಗಟು ಅಂಗಡಿಗಳ ನಡುವೆ ಲಾರಿಗಳಿಗೆ ದಾರಿ ಬಿಟ್ಟು ನಡೆದು, ಝೀನತ್ ಬಕ್ಷ್ ಪಳ್ಳಿಯಲ್ಲಿ ಲುಹರ್ ಮುಗಿಸಿ, ಬೇಕಾದ ಸಾಮಾನು ಕಟ್ಟಿಸಿಕೊಂಡು ವಾಪಸ್. ನೀರು ಎಲ್ಲೋ ಗೋಡೌನ್‌ಗಳ ಹಿಂದೆ ಇರುತ್ತದೆ. ಅದರ ವಾಸನೆ ಬರುತ್ತದೆ, ಕಾಣುವುದಿಲ್ಲ. ಆದರೆ ನಮ್ಮ ಹಿರಿಯರು ಈ ಊರಿಗೆ ಬಂದದ್ದು ರಸ್ತೆಯಿಂದಲ್ಲ. ಅವರಿಗೆ ಈ ಊರಿನ ಮುಂಬಾಗಿಲು ಅಂದ್ರೆ ಅಳಿವೆಬಾಗಿಲು. ನಾವು ಇವತ್ತು ಬಸ್ಸಿಳಿಯುವ ಜಾಗ ಅವರ ಲೆಕ್ಕದಲ್ಲಿ ಊರಿನ ಹಿತ್ತಿಲು.

ಹಡಗಿನಿಂದ ಇಳಿದು ಬಂದವರು ಅಂತ ನಮ್ಮ ಬಗ್ಗೆ ಎಲ್ಲ ಕಡೆ ಬರೆಯುತ್ತಾರೆ. 'ಬ್ಯಾರಿ' ಎಂಬ ಹೆಸರು ತುಳುವಿನ 'ಬ್ಯಾರ' ಅಂದರೆ ವ್ಯಾಪಾರದಿಂದ ಬಂತೆನ್ನುವವರೂ ಇದ್ದಾರೆ, ಅರಬಿಯ 'ಬಹ್ರ್' ಅಂದರೆ ಕಡಲಿನಿಂದ ಬಂತೆನ್ನುವವರೂ ಇದ್ದಾರೆ. ಯಾವುದೇ ಇರಲಿ, ಎರಡಕ್ಕೂ ನಡುವೆ ಒಂದು ಹಡಗು ಬೇಕೇ ಬೇಕು. ಆ ಹಡಗಿನಲ್ಲಿ ಜನ ಹೇಗೆ ಇರುತ್ತಿದ್ದರು, ಎಲ್ಲಿ ಮಲಗುತ್ತಿದ್ದರು, ಏನು ಬೇಯಿಸುತ್ತಿದ್ದರು, ಕಿಬ್ಲ ಹೇಗೆ ಹುಡುಕುತ್ತಿದ್ದರು ಎಂಬುದನ್ನು ಮಾತ್ರ ನಾವು ಮಕ್ಕಳಿಗೆ ಹೇಳುವುದಿಲ್ಲ. ಯಾಕೆಂದರೆ ನಮಗೇ ಗೊತ್ತಿಲ್ಲ.

ನಾವು ಪಾಠ ಹೇಳುವುದು ಘಟ್ಟದ ಮೇಲೆ, ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ನಿಟ್ಟೂರಿನಲ್ಲಿ. ಇಲ್ಲಿಯ ಮಕ್ಕಳಿಗೆ ತೆಂಗು ಗೊತ್ತು, ಕೊಬ್ಬರಿ ಗೊತ್ತು, ಕಡಲು ಗೊತ್ತಿಲ್ಲ. ನೂಹ್ ನಬಿಯವರ ಹಡಗಿನ ಪಾಠ ಬಂದಾಗ ಅವರು ಕೇಳುವ ಪ್ರಶ್ನೆಗಳು ಬಹಳ ನೇರ. ಹಡಗಿನಲ್ಲಿ ಕಕ್ಕಸು ಎಲ್ಲಿರುತ್ತದೆ ಉಸ್ತಾದ್? ಬೆಂಕಿ ಹಚ್ಚಿದರೆ ಹಡಗು ಸುಟ್ಟು ಹೋಗುವುದಿಲ್ಲವಾ? ತಫ್ಸೀರ್ ಕಿತಾಬ್‌ನಲ್ಲಿ ಇದಕ್ಕೆ ಉತ್ತರ ಹುಡುಕಿದರೆ ಸಿಗುವುದಿಲ್ಲ. ಈ ಸಲ ಪೆರ್ನಾಲ್ ರಜೆಯಲ್ಲಿ ನಾವು ಇಬ್ಬರು ಅಧ್ಯಾಪಕರು ಅರಸೀಕೆರೆ, ಹಾಸನ, ಶಿರಾಡಿ ದಾರಿಯಾಗಿ ಮಂಗಳೂರಿಗೆ ಇಳಿದೆವು. ಬಂದರಿನಲ್ಲೇ ಮನೆ ಇರುವ ಸ್ನೇಹಿತ ಉಸ್ತಾದರೊಬ್ಬರ ಮನೆಯವರು ಲಕ್ಷದ್ವೀಪಕ್ಕೆ ತರಕಾರಿ ಕಳಿಸುವ ವ್ಯಾಪಾರದವರು. ಸರಕಿಗೆ ಕಾಯುತ್ತಾ ನಿಂತಿದ್ದ ಒಂದು ಮಂಜಿಯ ತಂಡೇಲರಿಗೆ ಅವರು ಹೇಳಿದರು. ಹಾಗೆ ನಮಗೆ ಮೂರು ರಾತ್ರಿ ಅದರ ಮೇಲೆ ಮಲಗುವ ಅವಕಾಶ ಸಿಕ್ಕಿತು. ಹಗಲು ಊರು ತಿರುಗುವುದು, ಸಂಜೆ ಹಲಗೆ ದಾಟಿ ಮಂಜಿಗೆ ವಾಪಸ್.

ಮಂಜಿ ನೋಡದವರಿಗೆ ಒಂದು ಮಾತು. ಅದು ಮರದ ಹಡಗು, ಹೊಟ್ಟೆ ದಪ್ಪ, ಮೂತಿ ಚೂಪು. ಹಿಂದೆ ಪೂರ್ತಿ ಹಾಯಿಯಲ್ಲೇ ಓಡುತ್ತಿತ್ತು. ಈಗ ಡೀಸೆಲ್ ಇಂಜಿನ್ ಇದೆ. ಆದರೂ ಸರಕಾರದ ಕಾಗದದಲ್ಲಿ ಅದರ ಹೆಸರು ಇವತ್ತಿಗೂ ಎಂಎಸ್‌ವಿ, ಅಂದರೆ ಯಾಂತ್ರೀಕೃತ ಹಾಯಿಹಡಗು. ಕಂಬ ಇದೆ, ಹಗ್ಗ ಇದೆ, ಗಾಳಿ ಅನುಕೂಲವಾದರೆ ಹಾಯಿ ಎತ್ತುತ್ತಾರೆ. ಸರಕೆಲ್ಲ ಮಧ್ಯದ ಹೊಟ್ಟೆಯಲ್ಲಿ. ಮನುಷ್ಯರಿಗೆ ಉಳಿಯುವುದು ಹಿಂಬದಿಯ ಸ್ವಲ್ಪ ಜಾಗ: ಚುಕ್ಕಾಣಿ, ಅದರ ಹಿಂದೆ ಒಂದು ಗೂಡಿನಂಥ ಕೋಣೆ, ಅದರ ಮೇಲೆ ಬಯಲು. ಮಕ್ಕಳ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಕ್ಕಿತು. ಹಡಗಿನ ಹಿಂಭಾಗದಿಂದ ಹೊರಗೆ ನೀರಿನ ಮೇಲೆ ಚಾಚಿಕೊಂಡಿರುವ ಒಂದು ಮರದ ಪೆಟ್ಟಿಗೆಯೇ ಕಕ್ಕಸು, ಕೆಳಗೆ ನೇರ ನೀರು. ರಾತ್ರಿ ಒಬ್ಬರೇ ಹೋಗಲು ಸ್ವಲ್ಪ ಧೈರ್ಯ ಬೇಕು. ಇನ್ನು ಬೆಂಕಿ. ಮೊದಲೆಲ್ಲ ಮರದ ಪೆಟ್ಟಿಗೆಗೆ ಮಣ್ಣು ತುಂಬಿ ಅದರ ಮೇಲೆ ಸೌದೆ ಉರಿಸುತ್ತಿದ್ದರಂತೆ, ಈಗ ಗ್ಯಾಸ್ ಸ್ಟವ್. ಸಿಹಿನೀರು ಡ್ರಮ್‌ಗಳಲ್ಲಿ. ಅದು ಕುಡಿಯುವುದಕ್ಕೆ ಮತ್ತು ಅಡುಗೆಗೆ ಮಾತ್ರ. ವುಳೂಗೆ ಹಗ್ಗ ಕಟ್ಟಿದ ಬಕೆಟ್ ಇಳಿಸಿ ಕಡಲಿನ ನೀರು. ಕಡಲಿನ ನೀರು ಶುದ್ಧ ಎಂಬ ಹದೀಸನ್ನು ಎಷ್ಟೋ ವರ್ಷದಿಂದ ಪಾಠ ಹೇಳುತ್ತಿದ್ದೇವೆ. ಅದನ್ನು ಕೇಳಿದ ಸಹಾಬಿಯ ಕಷ್ಟವೂ ಇದೇ ತಾನೇ! ಹಡಗಿನಲ್ಲಿ ಸಿಹಿನೀರು ಕಡಿಮೆ ಇತ್ತು, ವುಳೂ ಮಾಡಿದರೆ ಕುಡಿಯಲು ಉಳಿಯುತ್ತಿರಲಿಲ್ಲ. ಬಕೆಟ್ ಹಗ್ಗ ಕೈಗೆ ಬಂದಾಗ ಆ ಹದೀಸ್ ಬೇರೆಯೇ ಥರ ಅರ್ಥವಾಗುತ್ತದೆ.

ತಂಡೇಲರು ಕಛ್‌ನ ಮಾಂಡ್ವಿಯವರು, ಖಲಾಸಿಗಳಲ್ಲಿ ಗುಜರಾತಿನವರೂ ತಮಿಳುನಾಡಿನವರೂ ಇದ್ದರು. ಬ್ಯಾರಿಗಳು ಒಬ್ಬರೂ ಇಲ್ಲ. ನಮ್ಮ ಜನ ಈಗ ದಡದಲ್ಲಿ ನಿಂತು ಸರಕು ತುಂಬಿಸುವವರು, ಲೆಕ್ಕ ಬರೆಯುವವರು. ಮಕ್ಕಳು ಕಡಲು ದಾಟುವುದು ವಿಮಾನದಲ್ಲಿ. ಇದನ್ನು ದೂರಿ ಪ್ರಯೋಜನವಿಲ್ಲ. ತಿಂಗಳುಗಟ್ಟಲೆ ಹಲಗೆಯ ಮೇಲೆ ಮಲಗುವ ಕೆಲಸ ಬಿಟ್ಟು ಅಂಗಡಿ ಹಾಕಿದ ಅಜ್ಜಂದಿರನ್ನು ಯಾರು ತಪ್ಪು ಎನ್ನಲಿಕ್ಕಾಗುತ್ತದೆ? ತಂಡೇಲರೊಡನೆ ನಮ್ಮದು ಹಿಂದಿ-ಉರ್ದುವಿನ ಮಾತು. ಅವರು ನಮ್ಮನ್ನು 'ಮೌಲಾನಾ' ಎನ್ನುತ್ತಿದ್ದರು, ನಾವು 'ತಂಡೇಲ್ ಸಾಬ್' ಎನ್ನುತ್ತಿದ್ದೆವು. ಮೊದಲ ರಾತ್ರಿ ಅವರ ಭಂಡಾರಿಯ ಖಿಚಡಿ. ಎರಡನೇ ರಾತ್ರಿ ಸ್ನೇಹಿತರ ಮನೆಯಿಂದ ಪತ್ತಿರ್ ಮತ್ತು ಕೋಳಿ ಸಾರು ಬಂತು, ಆವತ್ತು ಮಂಜಿಯಲ್ಲಿ ಯಾರೂ ಸ್ಟವ್ ಹಚ್ಚಲಿಲ್ಲ.

ಹಡಗು ಮನೆಯೋ ದಾರಿಯೋ ಎಂಬ ಪ್ರಶ್ನೆ ಎದ್ದದ್ದು ನಮಾಝಿನಲ್ಲಿ. ನಾವಿಬ್ಬರು ನಿಟ್ಟೂರಿನಿಂದ ಬಂದ ಮುಸಾಫಿರರು. ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ದಿನ ನಿಲ್ಲುವ ನಿಯ್ಯತ್ತು ನಮಗಿಲ್ಲ, ಆದ್ದರಿಂದ ಶಾಫಿಈ ಮದ್‌ಹಬ್ ಪ್ರಕಾರ ನಮಗೆ ಕಸ್ರ್ ಆಗುತ್ತದೆ, ನಾಲ್ಕು ರಕಅತ್‌ನ ಫರ್ಳ್ ಎರಡು. ಸ್ನೇಹಿತ ಉಸ್ತಾದರ ಮನೆ ಕೂಗಿದರೆ ಕೇಳುವಷ್ಟು ಹತ್ತಿರ. ಅವರಿಗೆ ಪೂರ್ತಿ ನಾಲ್ಕು. ಅವರು ಇಮಾಮ್ ನಿಂತರೆ ನಾವೂ ನಾಲ್ಕು ಪೂರ್ತಿ ಮಾಡಬೇಕು. ನಾವು ನಿಂತರೆ ನಮ್ಮದು ಎರಡಕ್ಕೆ ಮುಗಿದು ಅವರು ಎದ್ದು ಉಳಿದದ್ದು ಪೂರೈಸಬೇಕು. ತಂಡೇಲರು ಹನಫಿ. ಅವರಿಗೆ ಕಸ್ರ್ ಬರೀ ರಿಯಾಯಿತಿ ಅಲ್ಲ, ಮಾಡಲೇಬೇಕಾದದ್ದು. ಅವರ ಅಸರ್ ಹೊತ್ತು ನಮಗಿಂತ ತಡ ಬೇರೆ. ನಾಲ್ಕಾರು ಜನ ನಿಲ್ಲುವಷ್ಟು ಹಲಗೆಯ ಮೇಲೆ ಇಷ್ಟೆಲ್ಲ!

ಹನಫಿ ಕಿತಾಬ್‌ಗಳ ಪ್ರಕಾರ ಹಡಗಿನ ಮೇಲೆ ವಾಸದ ನಿಯ್ಯತ್ತು ಮಾಡಿದರೆ ಅದು ಸಿಂಧುವಲ್ಲ. ಹಡಗು ಊರಲ್ಲ, ಅದರಲ್ಲಿರುವವನು ಎಷ್ಟು ದಿನ ಇದ್ದರೂ ಪ್ರಯಾಣಿಕನೇ. ಹಂಬಲಿಗಳು ಬೇರೆ ಹೇಳುತ್ತಾರೆ: ಹೆಂಡತಿ-ಮಕ್ಕಳನ್ನು ಹಡಗಿನಲ್ಲೇ ಇಟ್ಟುಕೊಂಡು ಬದುಕುವ ನಾವಿಕನಿಗೆ ಹಡಗೇ ಮನೆ, ಅವನಿಗೆ ಕಸ್ರ್ ಇಲ್ಲ. ನಮ್ಮ ಶಾಫಿಈ ಉಲಮಾಗಳು ನಡುವಿನ ದಾರಿ ಹಿಡಿದಿದ್ದಾರೆ. ಅಂಥವನಿಗೆ ಕಸ್ರ್ ಮಾಡಬಹುದು, ಆದರೆ ಪೂರ್ತಿ ಮಾಡುವುದೇ ಉತ್ತಮ. ಇಷ್ಟೇ ಅಲ್ಲ. ನಮಾಝಿನ ನಡುವೆ ಹಡಗು ತಿರುಗಿದರೆ ನಾವೂ ಕಿಬ್ಲದ ಕಡೆ ತಿರುಗಿಕೊಳ್ಳಬೇಕು. ನಿಂತರೆ ತಲೆ ಸುತ್ತುತ್ತದೆ, ನೀರಿಗೆ ಬೀಳುತ್ತೇನೆ ಎಂಬ ಹೆದರಿಕೆ ಇದ್ದರೆ ಕೂತು ನಮಾಝ್ ಮಾಡಬಹುದು. ಚುಕ್ಕಾಣಿ ಹಿಡಿದವನಿಗೆ ಸುನ್ನತ್ ನಮಾಝಿನಲ್ಲಿ ಕಿಬ್ಲದ ವಿಷಯದಲ್ಲೂ ವಿನಾಯಿತಿ ಇದೆ, ಅವನು ಮುಖ ತಿರುಗಿಸಿದರೆ ಉಳಿದವರ ಗತಿ ಏನು? ಇವತ್ತು ನಾಳೆ ಅಂತ ಗಾಳಿಗೋ ಸರಕಿಗೋ ಕಾಯುತ್ತಾ ಬಂದರಿನಲ್ಲಿ ಸಿಕ್ಕಿಕೊಂಡವನಿಗೆ 18 ದಿನದವರೆಗೆ ಕಸ್ರ್. ದರ್ಸ್‌ನಲ್ಲಿ ಇದನ್ನೆಲ್ಲ ನಾವು ಬಾಯಿಪಾಠ ಮಾಡಿದ್ದೆವು, ಪರೀಕ್ಷೆಯ ಮರುದಿನ ಯಾರಿಗೆ ಬೇಕು ಈ ಮಸ್‌ಅಲ ಎಂದು ನಗಾಡಿದ್ದೂ ಇದೆ. ಮಂಜಿಯ ಮೇಲೆ ನಿಂತಾಗ ಗೊತ್ತಾಯಿತು, ಇದು ಕೂತು ಊಹಿಸಿ ಬರೆದದ್ದಲ್ಲ. ಬಂದರಿನಲ್ಲಿ ಗಾಳಿಗೆ ಕಾಯುತ್ತಿದ್ದ ಯಾರೋ ಒಬ್ಬ ಖಲಾಸಿ ಹಲಗೆ ದಾಟಿ ಬಂದು ಕೇಳಿದ ಪ್ರಶ್ನೆಗಳಿರಬೇಕು ಇವು.

ಮಂಗಳೂರಿನಲ್ಲಿ ಮೂರು ದಿನ ಇದ್ದ ಇನ್ನೊಬ್ಬ ಮುಸಾಫಿರನ ಕಥೆಯನ್ನು ನಾವು ಮಂಜಿಯಲ್ಲೇ ಮತ್ತೆ ಓದಿದೆವು. ಇಬ್ನ್ ಬತೂತ. 1342ರ ಸುಮಾರಿಗೆ ದಿಲ್ಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಆತನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ಗುಜರಾತಿನ ಕರಾವಳಿಯಲ್ಲಿ ಹಡಗು ಹತ್ತಿದ ಈತ ದಡಕ್ಕೆ ಅಂಟಿಕೊಂಡೇ ತೆಂಕಣಕ್ಕೆ ಬಂದ. ದಾರಿಯಲ್ಲಿ ಹೊನ್ನಾವರ. ಅಲ್ಲಿ ಹೆಣ್ಣುಮಕ್ಕಳ 13 ಪಾಠಶಾಲೆಗಳನ್ನೂ ಗಂಡುಮಕ್ಕಳ 23 ಪಾಠಶಾಲೆಗಳನ್ನೂ ಕಂಡದ್ದಾಗಿ, ಅಲ್ಲಿಯ ಹೆಂಗಸರಿಗೆ ಕುರ್‌ಆನ್ ಬಾಯಿಪಾಠ ಇದ್ದದ್ದಾಗಿ ಬರೆದಿದ್ದಾನೆ. ಹೆಣ್ಣುಮಕ್ಕಳಿಗೆ ಯಾಕೆ ಅಷ್ಟು ಓದು ಎನ್ನುವ ಹಿರಿಯರಿಗೆ ಈ ಒಂದು ಲೆಕ್ಕ ಓದಿ ಹೇಳಬೇಕು ಅನ್ನಿಸುತ್ತದೆ. ಆಮೇಲೆ ಫಾಕನೂರ್, ಅಂದರೆ ನಮ್ಮ ಬಾರ್ಕೂರು. ಆಮೇಲೆ ಮಂಜರೂರ್, ಅಂದರೆ ಮಂಗಳೂರು.

ಮಂಗಳೂರಿಗೆ ಬಂದವನು ಹಡಗಿನಿಂದ ಇಳಿಯಲಿಲ್ಲ. ದೊಡ್ಡ ಅಳಿವೆಯಲ್ಲಿ ಲಂಗರು ಹಾಕಿ ಮೇಲೆಯೇ ಕೂತ. ಆಗ ಹಡಗಿಗೆ ಹತ್ತಿ ಬಂದವರು ಊರಿನ ಕಾಝಿ ಬದ್ರುದ್ದೀನ್. ತಮಿಳು ಕರಾವಳಿಯ ಮಅಬರ್‌ನಿಂದ ಬಂದು ಇಲ್ಲಿ ನೆಲೆಸಿದ್ದ ಶಾಫಿಈ ವಿದ್ವಾಂಸರು, ಪಾಠ ಹೇಳುವವರು. ದಯವಿಟ್ಟು ಇಳಿದು ಬನ್ನಿ ಎಂದು ಕೇಳಿಕೊಂಡರು. ಇಲ್ಲಿಯ ರಾಜ ತನ್ನ ಮಗನನ್ನು ನಮ್ಮ ಹಡಗಿನಲ್ಲಿ ಒತ್ತೆ ಇರಿಸಿದರೆ ಮಾತ್ರ ಇಳಿಯುತ್ತೇವೆ ಎಂದರು ಇವರು. ಬಾರ್ಕೂರಿನಲ್ಲಿ ಹಾಗೆ ನಡೆದಿತ್ತು. ಬಾರ್ಕೂರಿನ ಮುಸ್ಲಿಮರಿಗೆ ಬಲವಿಲ್ಲ, ಅದಕ್ಕೆ ಅಲ್ಲಿ ಹಾಗೆ, ಇಲ್ಲಿ ರಾಜನಿಗೇ ನಮ್ಮ ಮೇಲೆ ಅಂಜಿಕೆ ಇದೆ, ಒತ್ತೆ ಯಾಕೆ ಎಂದು ಕಾಝಿಯವರು ವಾದಿಸಿದರು. ಹಡಗಿನವರು ಒಪ್ಪಲಿಲ್ಲ. ಕೊನೆಗೆ ರಾಜ ಮಗನನ್ನು ಕಳಿಸಿದ, ಇವರು ಇಳಿದರು, ಮೂರು ದಿನ ಸತ್ಕಾರ ಪಡೆದರು. ಆಗಲೇ ಇಲ್ಲಿ ಸುಮಾರು 4000 ಮುಸ್ಲಿಮರು ಊರಿನ ಪಕ್ಕದ ಕೇರಿಯಲ್ಲಿ ಇದ್ದರೆಂದೂ, ಪರ್ಶಿಯಾ ಮತ್ತು ಯೆಮನಿನ ವ್ಯಾಪಾರಿಗಳು ಹೆಚ್ಚಾಗಿ ಇಳಿಯುವುದು ಇಲ್ಲೇ ಎಂದೂ, ಕರಿಮೆಣಸು ಮತ್ತು ಶುಂಠಿ ಹೇರಳವೆಂದೂ ಬರೆದಿದ್ದಾನೆ. ಊರಿನವರಿಗೂ ಇವರಿಗೂ ಆಗಾಗ ಜಗಳವಾಗುತ್ತಿತ್ತು, ವ್ಯಾಪಾರಿಗಳು ಬೇಕಾದ್ದರಿಂದ ರಾಜನೇ ರಾಜಿ ಮಾಡಿಸುತ್ತಿದ್ದ ಎಂದೂ ಇದೆ. ಸಭೆಗಳಲ್ಲಿ 4000ದ ಲೆಕ್ಕ ಹೇಳುವವರು ಈ ಕೊನೆಯ ಮಾತನ್ನು ಬಿಡುವುದುಂಟು. ನಮಗೆ ಅದೂ ಮುಖ್ಯ.

ಇದನ್ನು ಮನೆಯಲ್ಲಿ ಕೂತು ಓದಿದಾಗ ಆ ಹಡಗಿನವರು ಸ್ವಲ್ಪ ಅಹಂಕಾರಿಗಳು ಅನ್ನಿಸಿತ್ತು. ಮಂಜಿಯ ಮೇಲಿನಿಂದ ರಾತ್ರಿ ದಡ ನೋಡಿದಾಗ ಹಾಗೆ ಅನ್ನಿಸಲಿಲ್ಲ. ದೀಪಗಳು ಕಾಣುತ್ತವೆ, ಮಾತು ಕೇಳುತ್ತದೆ, ಯಾರು ಏನು ಅಂತ ಗೊತ್ತಾಗುವುದಿಲ್ಲ. ಅನ್ನ, ಹಾಸಿಗೆ, ದುಡ್ಡು, ಜೊತೆಗಾರರು ಎಲ್ಲ ಇರುವುದು ಹಡಗಿನಲ್ಲಿ. ಇಳಿಯುವುದು ಅಂದ್ರೆ ಮನೆ ಬಿಟ್ಟು ಹೊರಗೆ ಹೋದ ಹಾಗೆ. ಅದು ಎಷ್ಟು ನಿಜ ಎಂಬುದು ಇಬ್ನ್ ಬತೂತನಿಗೆ ಮುಂದೆ ಕಲ್ಲಿಕೋಟೆಯಲ್ಲಿ ಗೊತ್ತಾಯಿತು. ಅಲ್ಲಿ ನಿಂತಿದ್ದ ಚೀನೀ ಹಡಗುಗಳನ್ನು ಆತ ವರ್ಣಿಸಿದ್ದಾನೆ: ಒಂದೊಂದರಲ್ಲಿ ಸಾವಿರ ಜನ, ನಾವಿಕರ ಮಕ್ಕಳೂ ಅಲ್ಲೇ ವಾಸ, ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಯುತ್ತಿದ್ದರು. ಅಂದರೆ ನಮ್ಮ ಹಂಬಲಿ ಮಸ್‌ಅಲದ ಹಡಗು! ಚೀನಾಕ್ಕೆ ಹೊರಡುವ ಮೊದಲು ಜುಮಾ ನಮಾಝಿಗೆಂದು ಆತ ದಡದಲ್ಲಿ ಉಳಿದ. ಆ ಬಳಿಕ ಬಿರುಗಾಳಿ ಎದ್ದು ಸುಲ್ತಾನನ ಕಾಣಿಕೆಗಳಿದ್ದ ಹಡಗು ಒಡೆದು ಅದರಲ್ಲಿದ್ದವರು ಸತ್ತರು. ಈತನ ಸಾಮಾನು ಇದ್ದ ಇನ್ನೊಂದು ಹಡಗು ಹಾಯಿ ಎತ್ತಿ ಹೊರಟೇ ಹೋಯಿತು. ಕೈಯಲ್ಲಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಒಂದು ಚಾಪೆ.

ಹಗಲಿನ ತಿರುಗಾಟದಲ್ಲಿ ನಾವು ಬಂದರಿನ ಹಳೇ ದಾರಿಗಳನ್ನೆಲ್ಲ ನಡೆದೆವು: ಜುಮ್ಮಾ ಮಸೀದಿ ರಸ್ತೆ, ಅಝೀಝುದ್ದೀನ್ ರಸ್ತೆ, ಬೀಬಿ ಅಲಾಬಿ ರಸ್ತೆ, ನೆಲ್ಲಿಕಾಯಿ ರಸ್ತೆ. ನೀರಿನ ಕಡೆಯಿಂದ ಒಳಗೆ ನಡೆದರೆ ಊರಿನ ಜೋಡಣೆಯೇ ಬೇರೆ ಥರ ಕಾಣುತ್ತದೆ. ಮೊದಲು ಸರಕು ಇಳಿಸುವ ಜಾಗ, ಆಮೇಲೆ ಗೋಡೌನ್, ಆಮೇಲೆ ಅಂಗಡಿ, ಅಲ್ಲೇ ಪಳ್ಳಿ, ಆಮೇಲೆ ಮನೆಗಳು. ಹಡಗಿನಿಂದ ಇಳಿದವನಿಗೆ ಏನೇನು ಯಾವ ಕ್ರಮದಲ್ಲಿ ಬೇಕೋ ಅದೇ ಕ್ರಮ. ಝೀನತ್ ಬಕ್ಷ್ ಮಸೀದಿ ಹಿಜರಿ 22ರಲ್ಲಿ, ಮಾಲಿಕ್ ದೀನಾರ್ ತಂಡದವರಿಂದ ಆರಂಭವಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಅವರು 16ನೇ ಶತಮಾನದಲ್ಲಿ ಬರೆದ 'ತುಹ್ಫತುಲ್ ಮುಜಾಹಿದೀನ್'ನಲ್ಲಿ ಆ ತಂಡ ಕಟ್ಟಿದ ಮಸೀದಿಗಳ ಊರುಗಳ ಸಾಲಿನಲ್ಲಿ ಮಂಗಳೂರೂ ಬಾರ್ಕೂರೂ ಇವೆ. ನಾವು ದರ್ಸ್‌ನಲ್ಲಿ ಓದುವ 'ಫತ್‌ಹುಲ್ ಮುಈನ್' ಬರೆದವರೂ ಇವರೇ. ಮಸೀದಿಯೊಳಗಿನ ಮರದ ಕಂಬಗಳನ್ನೂ ಕೆತ್ತನೆಯನ್ನೂ ಎಷ್ಟೋ ಸಲ ನೋಡಿದ್ದೇವೆ. ಮಂಜಿಯ ಹಲಗೆ ಮೇಲೆ ಮಲಗಿ ಎದ್ದು ಹೋದ ದಿನ ಕಣ್ಣು ಹೋದದ್ದು ಮರಕ್ಕೆ ಮರ ಕೂಡಿಸಿದ ಸಂದುಗಳ ಕಡೆಗೆ.

ನಮಗಿಂತ ಬೇರೆಯವರೂ ಈ ಬಂದರನ್ನು ಮನೆ ಮಾಡಿಕೊಂಡಿದ್ದರು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯೀಜು ಎಂಬ ಯಹೂದಿ ವ್ಯಾಪಾರಿ ಇಲ್ಲಿ ಸುಮಾರು 17 ವರ್ಷ ಇದ್ದ, ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಏಡನ್‌ನಿಂದ ಸ್ನೇಹಿತರು ಆತನಿಗೆ ಹಡಗಿನಲ್ಲಿ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಆ ಪತ್ರಗಳು ಕೈರೋದ ಒಂದು ಯಹೂದಿ ಮಂದಿರದ ಹಳೇ ಕಾಗದದ ಕೋಣೆಯಲ್ಲಿ ಸಿಕ್ಕಿವೆ. ಅಮಿತಾವ್ ಘೋಷ್ ಅವರು 1992ರ ತಮ್ಮ ಪುಸ್ತಕದಲ್ಲಿ ಆತನ ಮತ್ತು ಆತನ ಆಳು ಬೊಮ್ಮನ ಜಾಡು ಹಿಡಿದಿದ್ದಾರೆ. ಕಾಗದ ಜೋಪಾನವಾಗಿ ಇಟ್ಟವರ ಕಥೆ ಒಂಬೈನೂರು ವರ್ಷ ಉಳಿಯಿತು ನೋಡಿ.

ಎರಡನೇ ದಿನ ದೋಣಿಯಲ್ಲಿ ಬೆಂಗ್ರೆಗೆ ದಾಟಿದೆವು. ಒಂದು ಕಡೆ ಗುರುಪುರ ನದಿ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಮಲಗಿದ ಮರಳಿನ ನಾಲಿಗೆಯಂಥ ಊರು. ಅಲ್ಲಿ ನಿಂತು ನೋಡಿದರೆ ಎದುರಿಗೆ ಬಂದರು, ದಕ್ಕೆಯಲ್ಲಿ ಮೀನಿನ ಬೋಟುಗಳ ಸಾಲು, ತೆಂಕಣಕ್ಕೆ ನೇತ್ರಾವತಿಯೂ ಬಂದು ಸೇರುವ ಅಳಿವೆ, ಅದರಾಚೆ ಉಳ್ಳಾಲ. ಬಡಗಣಕ್ಕೆ ನದಿಯ ದಡದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ನದಿಯಿಂದಲೇ ಹಂಚು ಹಡಗೇರಿ ಹೋಗುತ್ತಿತ್ತು. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಬಂದು ದೊಡ್ಡ ಹಡಗುಗಳೆಲ್ಲ ಅತ್ತ ಹೋದವು. ಹಳೇ ಬಂದರಿಗೆ ಉಳಿದದ್ದು ಮೀನು ಮತ್ತು ಮಂಜಿ.

ಮಂಜಿಗೆ ಉಳಿದದ್ದು ಲಕ್ಷದ್ವೀಪ. ಈ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ಓಡಂಗಳಲ್ಲಿ ತೆಂಗಿನ ನಾರು ತಂದು ಮಂಗಳೂರಿನಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಅವರೂ ಶಾಫಿಈಗಳು. ಇವತ್ತು ಇಲ್ಲಿಂದ ಹೋಗುವುದು ತರಕಾರಿ, ಸಿಮೆಂಟ್, ಜಲ್ಲಿ, ಇಟ್ಟಿಗೆ, ಮನೆಸಾಮಾನು. ಕಡಮತ್‌ಗೆ ಇಲ್ಲಿಂದ ಸುಮಾರು 300 ಕಿ.ಮೀ. ನೀರು. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲದ ನಿಷೇಧ. ಆದ್ದರಿಂದ ಏಪ್ರಿಲ್-ಮೇ ಬಂತೆಂದರೆ ಕೊನೆಯ ಟ್ರಿಪ್‌ಗೆ ಅವಸರ.

ಆ ಅವಸರದ ದಿನಗಳೇ ಅಪಾಯದ ದಿನಗಳು. 2025ರ ಮೇ 12ರಂದು 'ಸಲಾಮತ್' ಎಂಬ ಮಂಜಿ ಸಿಮೆಂಟ್ ಮತ್ತು ಕಟ್ಟಡ ಸಾಮಗ್ರಿ ತುಂಬಿಕೊಂಡು ಮಂಗಳೂರಿನಿಂದ ಕಡಮತ್‌ಗೆ ಹೊರಟಿತು. ದಾರಿಯಲ್ಲಿ ನೀರು ನುಗ್ಗಿ ಮುಳುಗಿತು. ಆರು ಮಂದಿ ಸಿಬ್ಬಂದಿ ಸಣ್ಣ ದೋಣಿಗೆ ಹತ್ತಿ ತೇಲುತ್ತಿದ್ದರು. ಆ ದಾರಿಯಾಗಿ ಹೋಗುತ್ತಿದ್ದ ಹಡಗೊಂದು ಅವರನ್ನು ಕಂಡು ತಿಳಿಸಿತು. ಮೇ 14ರಂದು ಕೋಸ್ಟ್ ಗಾರ್ಡ್‌ನ 'ವಿಕ್ರಮ್' ಹೋಗಿ ಆರೂ ಜನರನ್ನು ಜೀವಸಹಿತ ಕರೆತಂದಿತು, ಅಲ್‌ಹಮ್ದುಲಿಲ್ಲಾಹ್. ಪತ್ರಿಕೆಯಲ್ಲಿ ಒಂದು ದಿನ ಬಂತು, ಮುಗಿಯಿತು. ಆ ಆರು ಜನರಿಗೆ ಆ ದಿನ ಮುಳುಗಿದ್ದು ಬರೀ ಮಾಲೀಕರ ಮಂಜಿ ಅಲ್ಲ. ಅವರ ಹಾಸಿಗೆ, ಬಟ್ಟೆ, ಪಾತ್ರೆ, ಮುಸಲ್ಲ, ಮನೆಗೆ ಒಯ್ಯಬೇಕೆಂದು ಇಟ್ಟ ಸಾಮಾನು, ಎಲ್ಲ ಅದರಲ್ಲೇ ಇರುತ್ತದೆ. ಮಾಲಿಕ್ ದೀನಾರ್ ತಂಡದವರ ಹಡಗಿನ ಬಗ್ಗೆ ನಾವು ವರ್ಷಕ್ಕೆ ಹತ್ತು ಸಲ ಭಾಷಣ ಮಾಡುತ್ತೇವೆ. ನಮ್ಮ ಜುಮಾಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತು ಎದ್ದು ಹೋಗುವ ಖಲಾಸಿಯ ಹೆಸರು ಕೇಳುವುದಿಲ್ಲ. ಇದು ನಮಗೆ ಸರಿ ಕಾಣುವುದಿಲ್ಲ. ಸರಕಿಗೆ ಕಾಯುತ್ತಾ ಹತ್ತು-ಹದಿನೈದು ದಿನ ನಿಂತವರಿಗೆ ಒಂದು ಹೊತ್ತಿನ ಊಟ, ಸಿಹಿನೀರಿನ ಸ್ನಾನ, ಜ್ವರ ಬಂದರೆ ಡಾಕ್ಟರ ಹತ್ತಿರ ಜೊತೆಗೆ ಹೋಗುವ ಒಬ್ಬ ಕನ್ನಡ ಬಲ್ಲ ಮನುಷ್ಯ, ಇಷ್ಟು ಬಂದರಿನ ಯಾವ ಜಮಾಅತ್‌ಗೂ ಭಾರವಾಗಲಾರದು. ನಮಗೆ ಪತ್ತಿರ್ ಕಳಿಸಿದ ಆ ಮನೆಯವರು ತಮ್ಮ ಸರಕು ಒಯ್ಯುವ ಮಂಜಿಗಳಿಗೆ ಪೆರ್ನಾಲ್‌ಗೆ ಬಿರಿಯಾನಿ ಕಳಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ.

ಮೂರನೇ ರಾತ್ರಿ ಮೋಡ ಇರಲಿಲ್ಲ. ತಂಡೇಲರ ಹತ್ತಿರ ಜಿಪಿಎಸ್ ಇದೆ, ಮೊಬೈಲ್ ಇದೆ, ಆದರೂ ನಕ್ಷತ್ರ ಗೊತ್ತು. ಹಳೇ ಕಾಲದಲ್ಲಿ ದಾರಿ ನೋಡುತ್ತಿದ್ದದ್ದು 'ಕಮಾಲ್' ಎಂಬ ಸಣ್ಣ ಮರದ ಹಲಗೆಯಿಂದ. ಅದಕ್ಕೆ ಗಂಟುಗಳಿರುವ ಒಂದು ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಮುಂದಕ್ಕೆ ಹಿಡಿದು, ಕೆಳ ಅಂಚು ಕಡಲಿನ ಗೆರೆಗೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ತಾಗಿಸಿದರೆ ಎಷ್ಟನೇ ಗಂಟಿಗೆ ಬಂತೋ ಅದರಿಂದ ಯಾವ ಬಂದರಿನ ಸರಿಸಮ ಇದ್ದೇವೆಂದು ತಿಳಿಯುತ್ತದೆ. 15ನೇ ಶತಮಾನದ ಅಹ್ಮದ್ ಇಬ್ನ್ ಮಾಜಿದ್‌ರಂಥ ಅರಬ್ ನಾವಿಕರು ಈ ಎತ್ತರವನ್ನು ಬೆರಳಿನ ಲೆಕ್ಕದಲ್ಲಿ, 'ಇಸ್ಬಅ್' ಎಂದು ಬರೆದಿಟ್ಟಿದ್ದಾರೆ. ಲಕ್ಷದ್ವೀಪದ ನಾವಿಕರು 'ರಹ್ಮಾನಿ' ಎಂಬ ಕೈಬರಹದ ಪುಸ್ತಕಗಳಲ್ಲಿ ಈ ಲೆಕ್ಕಗಳನ್ನು ಅರಬಿ-ಮಲಯಾಳದಲ್ಲಿ ಇಟ್ಟುಕೊಂಡಿದ್ದರು. ಮಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ. ನಿಟ್ಟೂರಿನಲ್ಲೂ ಹತ್ತಿರ ಹತ್ತಿರ ಅಷ್ಟೇ. ಎರಡೂ ಊರು ಭೂಮಿಯ ಮೇಲೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. ಕಡಲು ನೋಡದ ಮಕ್ಕಳಿಗೂ ಮದರಸದ ಅಂಗಳದಿಂದ ಇದನ್ನು ತೋರಿಸಬಹುದು, ಒಂದು ರಟ್ಟು, ಒಂದು ದಾರ ಸಾಕು.

ಹೀಗೆ ನಕ್ಷತ್ರ ನೋಡಿ ದಾರಿ ಹೇಳುವವನಿಗೆ ಹಡಗಿನಲ್ಲಿ 'ಮಾಲ್ಮಿ' ಎನ್ನುತ್ತಾರೆ. ಅರಬಿಯ 'ಮುಅಲ್ಲಿಮ್'. ನಮ್ಮ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದಿರುವ ಪದವೇ. ಸಂಬಳದ ವಿಷಯದಲ್ಲಿ ಹಡಗಿನ ಮುಅಲ್ಲಿಮ್ ನಮಗಿಂತ ಮೇಲೆ ಇದ್ದಿರಬೇಕು!

ಹಡಗಿನಿಂದ ಇಳಿದು ಬಂದ ಪದಗಳು ಇನ್ನೂ ಇವೆ. ಬಂದರು, ಲಂಗರು ಪಾರ್ಸಿಯವು. ನಾಖುದಾ ಎಂದರೆ ಪಾರ್ಸಿಯಲ್ಲಿ ಹಡಗಿನ ಒಡೆಯ. ಚುಕ್ಕಾಣಿ ಅರಬಿಯ 'ಸುಕ್ಕಾನ್'. ರಾಜ್ಯದ ಚುಕ್ಕಾಣಿ ಹಿಡಿದರು ಎಂದು ಪತ್ರಿಕೆಯವರು ದಿನಾ ಬರೆಯುವಾಗ ನಮ್ಮ ಯಾವುದೋ ಅಜ್ಜನ ಕೈಯಲ್ಲಿದ್ದ ಮರದ ತುಂಡನ್ನೇ ಹೇಳುತ್ತಿರುತ್ತಾರೆ.

ಹಾಯಿ ಪೂರ್ತಿ ಮರೆತು ಹೋಗಿಲ್ಲ ಎಂಬುದಕ್ಕೆ ಇತ್ತೀಚಿನ ಒಂದು ಸಂಗತಿ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ 'ಕೌಂಡಿನ್ಯ' ಎಂಬ ಹಡಗು ಸೇರಿತು. ಕೇರಳದ ಕುಶಲಕರ್ಮಿಗಳು ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು. ಇಂಜಿನ್ ಇಲ್ಲ, ಬರೀ ಹಾಯಿ. ಆ ವರ್ಷದ ಕೊನೆಗೆ ಅದು ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು. ನಾರಿನಿಂದ ಹೊಲಿದ ಹಡಗು ಬಂಡೆಗೆ ತಾಗಿದರೆ ಬಾಗುತ್ತದೆ, ಮೊಳೆ ಹೊಡೆದದ್ದು ಒಡೆಯುತ್ತದೆ ಎಂದು ಇಬ್ನ್ ಬತೂತ ಬರೆದಿದ್ದ. ಸರಕಾರ ಮನಸ್ಸು ಮಾಡಿದರೆ ಹಳೇ ಹಡಗನ್ನು ಮತ್ತೆ ಕಟ್ಟಬಹುದು. ಹಳೇ ಮನುಷ್ಯರ ಬಾಯಿಯಲ್ಲಿದ್ದದ್ದನ್ನು ಕಟ್ಟಲಾಗುವುದಿಲ್ಲ.

ಆದ್ದರಿಂದ ಒಂದು ಕೋರಿಕೆ. ಬಂದರು, ಕುದ್ರೋಳಿ, ಬೆಂಗ್ರೆ, ಉಳ್ಳಾಲ, ಹೆಜಮಾಡಿ, ಗಂಗೊಳ್ಳಿ ಕಡೆಯ ಮನೆಗಳಲ್ಲಿ ಹಾಯಿ ಮಂಜಿಯಲ್ಲಿ ಹೋಗಿ ಬಂದ ಹಿರಿಯರು ಇದ್ದರೆ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ದೊಡ್ಡ ಪ್ರಶ್ನೆ ಬೇಡ. ಏನು ತಿನ್ನುತ್ತಿದ್ದಿರಿ, ಎಲ್ಲಿ ಮಲಗುತ್ತಿದ್ದಿರಿ, ಮಳೆಗಾಲದಲ್ಲಿ ಮಂಜಿಯನ್ನು ಎಲ್ಲಿ ಎಳೆದಿಡುತ್ತಿದ್ದಿರಿ, ಹಲಗೆ ಸಂದಿಗೆ ಏನು ತುರುಕುತ್ತಿದ್ದಿರಿ, ಹಗ್ಗಕ್ಕೆ, ಕಂಬಕ್ಕೆ, ಗಾಳಿಗೆ ಬ್ಯಾರಿಯಲ್ಲಿ ಏನು ಹೆಸರು. ಮನೆಯ ಹೆಂಗಸರನ್ನೂ ಕೇಳಿ. ಗಂಡ ಕಡಲಿನಲ್ಲಿದ್ದಾಗ ದಿನ ಲೆಕ್ಕ ಹಾಕುತ್ತಿದ್ದವರು ಅವರು, ಯಾವ ಗಾಳಿಗೆ ಯಾರು ಬರುತ್ತಾರೆಂದು ಅವರಿಗೆ ಗೊತ್ತಿರುತ್ತಿತ್ತು. ಅಟ್ಟದ ಪೆಟ್ಟಿಗೆಯಲ್ಲಿ ಅರಬಿ ಅಕ್ಷರದ, ಅಂಕಿಗಳು ತುಂಬಿದ ಹಳೇ ಪುಸ್ತಕ ಸಿಕ್ಕಿದರೆ ಕಿತಾಬ್ ಹರಿದಿದೆ ಎಂದು ಹೂಳುವ ಮೊದಲು ಯಾರಾದರೂ ಓದಬಲ್ಲ ಉಸ್ತಾದರಿಗೆ ತೋರಿಸಿ. ಅದು ದುಆದ ಕಿತಾಬೂ ಇರಬಹುದು, ಮಂಗಳೂರಿನಿಂದ ಅಮಿನಿಗೆ ದಾರಿ ಹೇಳುವ ರಹ್ಮಾನಿಯೂ ಇರಬಹುದು.